ಕುಣಿಗಲ್ಲಿನ ಗೆರೆ ಇಳಿದ ತಿಂಗಳು

“ಅದನ್ನ ಬುಟ್ಬುಡಿ ಸ್ವಾಮಿ. ಸತ್ತೋರ್ನ ಕೂಡಾಕ್ಬಾರ್ದು.”

ಕದರಮ್ಮ ತುಮಕೂರಿನ ನಮ್ಮ ಠಾಣೆಯ ಜಗಲಿಯ ಮೇಲೆ, ಲಾಕಪ್ಪಿಗೆ ಬೆನ್ನು ಹಾಕಿ ಕುಳಿತಿದ್ದಳು. ಸರಳುಗಳ ಆಚೆ ಅವಳು ಹೆತ್ತ ಮಗ ಅಂಜಿನಪ್ಪ ನಿಂತಿದ್ದ. ಬಿ.ಎ. ಪಾಸಾದ ಹುಡುಗ, ಕೆಲಸವಿಲ್ಲ, ಗಡ್ಡ ಬೋಳಿಸಿಲ್ಲ. ಬೆಳಿಗ್ಗೆಯಿಂದ ಎರಡು ಲೋಟ ಕಾಫಿ ಕುಡಿದಿದ್ದ. ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಸತ್ತವರು ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ.

“ಯಾರಮ್ಮ ಸತ್ತಿರೋದು? ಸ್ವಲ್ಪ ತಿರುಗಿ ನೋಡು. ನಿನ್ನ ಮಗ ನಿಂತವ್ನೆ.”

“ನೋಡ್ಬಾರ್ದು ಸ್ವಾಮಿ. ತಿಥಿ ಆದ್ಮೇಲೆ ಮಕ ನೋಡಿದ್ರೆ ಅದು ಇಲ್ಲೇ ನಿಂತ್ಕಂಬುಡ್ತದೆ. ಅದ್ರ ದಾರಿ ಅದು ಹಿಡೀಬೇಕು.”

ಹೊಟ್ಟೆಯಲ್ಲಿ ಹೊತ್ತ ಮಗನನ್ನು ‘ಅದು’ ಎನ್ನುವ ತಾಯಿಯನ್ನು ನಾನು ಕಂಡದ್ದು ಅದೇ ಮೊದಲು. ಎಂಬತ್ತಮೂರರ ಜೂನ್ ತಿಂಗಳು, ಹಾಡುಹಗಲು, ಹೊರಗೆ ರಸ್ತೆಯಲ್ಲಿ ಲಾರಿಗಳ ಗದ್ದಲ. ಆದರೂ ಹುಡುಗನ ನೆರಳು ನೆಲದ ಮೇಲೆ ಬಿದ್ದಿದೆಯೇ ಎಂದು ನೋಡಿದೆ.

ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಳೂರಿನ ಹಾಳು ಬಾವಿಗೆ ಏನೋ ಬಿದ್ದ ಸದ್ದಾಗಿತ್ತು. ಭಾನುವಾರ ಬೆಳಿಗ್ಗೆ ಬೋರ್ಡು ಬರೆಯುವ ದ್ಯಾವಪ್ಪನ ಹೆಣ ತೇಲಿತು. ನೀರಿಗೆ ಬೀಳುವ ಮೊದಲೇ ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಿತ್ತು. ಅದಕ್ಕೂ ಮುಂಚೆ, ಶುಕ್ರವಾರ, ಜಿಲ್ಲಾ ಪ್ರಗತಿ ವಸ್ತುಪ್ರದರ್ಶನದಲ್ಲಿ, ದ್ಯಾವಪ್ಪ ಬರೆದ ಚಾರ್ಟಿನ ಮುಂದೆಯೇ, “ಸುಳ್ಳು ಬರ್ದಿದ್ದೀಯ” ಎಂದು ಅಂಜಿನಪ್ಪ ಅವನ ಕಾಲರ್ ಹಿಡಿದಿದ್ದ. ಶನಿವಾರ ಮಧ್ಯಾಹ್ನ ಇಬ್ಬರೂ ಶಿರಾ ಗೇಟಿನ ಹೋಟೆಲಿನಲ್ಲಿ ಎದುರುಬದುರು ಕುಳಿತು ವಾದ ಮಾಡಿದ್ದನ್ನು ಮಾಲೀಕನೇ ನೋಡಿದ್ದ. ಮೇಲಿನವರಿಗೆ ಇಷ್ಟು ಸಾಕಾಗಿತ್ತು. ನಾಳೆ ಬೆಳಿಗ್ಗೆ ಹುಡುಗನನ್ನು ಕೊಲೆ ಕೇಸಿನಲ್ಲಿ ಕೋರ್ಟಿಗೆ ಹಾಜರುಪಡಿಸಬೇಕಿತ್ತು.

ನನಗೆ ಮಾತ್ರ ಸಾಕಾಗಿರಲಿಲ್ಲ. ಕಾಲರ್ ಹಿಡಿಯುವವನು ಎಲ್ಲರ ಎದುರಿಗೆ ಹಿಡಿಯುತ್ತಾನೆ. ಹಿಂದಿನಿಂದ ಬಂದು ತಲೆಗೆ ಹೊಡೆಯುವವನ ಸ್ವಭಾವವೇ ಬೇರೆ.

“ಶನಿವಾರ ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೋದೆ ಸಾರ್,” ಎಂದು ಅಂಜಿನಪ್ಪ ಬೆಳಿಗ್ಗೆಯಿಂದ ಒಂದೇ ಮಾತು ಹೇಳುತ್ತಿದ್ದ. ಅವನ ಊರು ಕುಣಿಗಲ್ಲಿನಿಂದಾಚೆ. “ದೀಪ ಹಚ್ಚೋ ಹೊತ್ತಿಗೆ ಮನೆ ಜಗಲಿ ಮೇಲೆ ಕೂತು ಮುದ್ದೆ ಉಣ್ತಿದ್ದೆ. ಅವ್ವನ್ನ ಕೇಳಿ.”

ಮನೆ ಊರ ಹೊರಗೆ, ಹೊಲದ ಅಂಚಿನಲ್ಲಿ ಒಂಟಿಯಾಗಿತ್ತು. ಅವ್ವನನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಅದಕ್ಕೇ ಜೀಪು ಕಳಿಸಿ ಅವ್ವನನ್ನು ಕರೆಸಿದ್ದೆ. ಅವ್ವ ಬಂದು ಹೀಗೆ ಕುಳಿತಿದ್ದಳು.

“ಶನಿವಾರ ಬಂತೇನಮ್ಮ ಅದು?” ನನ್ನ ಬಾಯಲ್ಲೂ ‘ಅದು’ ಬಂದುಬಿಟ್ಟಿತು. ಸರಳಿನ ಆಚೆಯಿದ್ದ ಹುಡುಗನ ಮುಖ ನೋಡಲು ನಾಚಿಕೆಯಾಯಿತು.

“ಬಂತು ಸ್ವಾಮಿ. ಸಿವರಾತ್ರಿಯಿಂದ ದಿನಾ ಬತ್ತದೆ. ಮುಚ್ಚಂಜೆ ದೀಪ ಹಚ್ಚಿ, ಜಗಲಿ ಮ್ಯಾಲೆ ಎಡೆ ಇಟ್ಟು, ಕದ ಹಾಕ್ಕತೀನಿ. ಉಂಡು ಹೋಯ್ತದೆ. ಸನಿವಾರಾನೂ ಉಂಡು ಹೋಯ್ತು.”

“ಮುಖ ನೋಡಿದ್ಯಾ?”

“ಎಡೆ ಉಣ್ಣೋವಾಗ ಯಾರಾದ್ರೂ ನೋಡ್ತಾರಾ?”

ಹೆಡ್ ಕಾನ್‌ಸ್ಟೇಬಲ್ ರಾಮಾಂಜಿನಯ್ಯ ನನ್ನ ಕಿವಿಯ ಹತ್ತಿರ ಬಗ್ಗಿದ. “ಕೋರ್ಟಲ್ಲಿ ಜಡ್ಜು ಕೇಳ್ತಾರೆ ಸಾರ್, ಆ ಹೊತ್ತಲ್ಲಿ ಆರೋಪಿ ಎಲ್ಲಿದ್ದ ಅಂತ. ಸತ್ತೋಗಿದ್ದ ಅಂತ ಹೇಳೋದಾ?”

ನಗು ಬರಲಿಲ್ಲ. ಹುಡುಗನನ್ನು ಉಳಿಸಬಲ್ಲ ಒಬ್ಬಳೇ ಒಬ್ಬ ಹೆಂಗಸು ಅವನು ಬದುಕೇ ಇಲ್ಲ ಎಂದು ನಂಬಿ ಕುಳಿತಿದ್ದಳು. ನಾಳೆ ಬೆಳಗಾಗುವುದರೊಳಗೆ ಅವಳ ಮನಸ್ಸಿನಲ್ಲಿ ಮಗ ಬದುಕಿ ಬರಬೇಕಿತ್ತು. ಇಲ್ಲದಿದ್ದರೆ ಅವನ ಕತೆ ಮುಗಿದಂತೆ.

“ನಿನ್ನ ಮಗ ಸತ್ತ ಅಂತ ಯಾರು ಹೇಳಿದ್ದು?”

“ಆಪೀಸ್ನೋರು.”

“ಯಾವ ಆಫೀಸು?”

“ಕುಣಿಗಲ್ಲಲ್ಲಿ ಕೆಲ್ಸ ಕೊಡೋ ಆಪೀಸು. ಇವ್ನು ಬೊಂಬಾಯ್ಗೆ ಹೋಗಿದ್ನಲ್ಲ. ತಿಂಗ್ಳಿಗೊಂದ್ಸಲ ಹೋಗಿ, ನಮ್ ಹುಡುಗುಂಗೆ ಕೆಲ್ಸ ಬಂತಾ ಅಂತ ಕೇಳ್ಕಂಡು ಬತ್ತಿದ್ದೆ. ಹೋದ್ವರ್ಸ ಉಗಾದಿ ಕಳ್ದಿತ್ತು, ಮಾವಿನಕಾಯಿ ಬಲೀತಿದ್ವು. ಕನ್ನಡಕದೋನು ಒಬ್ಬ ಪೆಟ್ಟಿಗೆ ತೆಗ್ದು ನೋಡಿ, ‘ಅಂಜಿನಪ್ಪ ಡೆಡ್ ಆಗವ್ನೆ, ಹೋಗಮ್ಮ’ ಅಂದ.”

ರಾಮಾಂಜಿನಯ್ಯ ನೆಟ್ಟಗೆ ನಿಂತ.

“ಆ ಪದ ನಂಗೊತ್ತು ಸ್ವಾಮಿ. ನಮ್ಮೆಜಮಾನ್ರನ್ನ ಆಸ್ಪತ್ರೆಗೆ ಹಾಕಿದ್ದಾಗ ಕಾಂಪೋಂಡ್ರು ಬಂದು ಡೆಡ್ ಅಂತ ಹೇಳಿ ಮಕದ ಮ್ಯಾಲೆ ಬಟ್ಟೆ ಎಳೆದ. ಅವತ್ತೇ ಕಲಿತೆ.” ಅವಳ ಧ್ವನಿಯಲ್ಲಿ ಅಳುವಿರಲಿಲ್ಲ, ಅದು ಎಂದೋ ಬತ್ತಿಹೋಗಿತ್ತು. “ಹೆಣ ಇಲ್ದೆ ತಿಥಿ ಬ್ಯಾಡ ಅಂದ್ರು ಊರೋರು. ಗೋರ್ಮೆಂಟ್ನೋರೇ ಹೇಳಿದ್ಮೇಲೆ ಇನ್ನೇನ್ರಪ್ಪಾ ಅಂದೆ. ಹನ್ನೊಂದನೇ ದಿನ ತಲೆ ಮ್ಯಾಲೆ ನೀರು ಹುಯ್ಕಂಡೆ.”

ನಾನು ಲಾಕಪ್ಪಿನ ಹತ್ತಿರ ಹೋದೆ. ಅಂಜಿನಪ್ಪ ಸರಳಿಗೆ ಹಣೆ ಆನಿಸಿದ್ದ.

“ಬೊಂಬಾಯಿಂದ ಕಾಗದ ಹಾಕಲಿಲ್ವೇನಯ್ಯ?”

“ಹಾಕ್ದೆ ಸಾರ್. ಸತ್ತೋನ ಕಾಗ್ದ ಮನೇಲಿ ಇಟ್ಕೋಬಾರ್ದು ಅಂತ ಒಲೆಗೆ ಹಾಕಿದ್ಳಂತೆ. ಶಿವರಾತ್ರಿಗೆ ನಾನೇ ಬಂದೆ. ಮುಟ್ಟೋಕೆ ಹೋದ್ರೆ ಕಿರುಚಿ ಕದ ಹಾಕ್ಕೊಂಡ್ಳು. ಊರೋರು ಹೇಳಿದ್ರೂ ಕೇಳಲ್ಲ. ‘ನನ್ನ ಸಮಾಧಾನಕ್ಕೆ ಹೇಳ್ತೀರ’ ಅಂತಾಳೆ. ಸಂಜೆ ಮಾತ್ರ ಎಡೆ ಇಡ್ತಾಳೆ. ಹೊಟ್ಟೆ ಕೇಳ್ಬೇಕಲ್ಲ ಸಾರ್, ಅದನ್ನೇ ಉಣ್ತೀನಿ.”

“ಮತ್ತೆ ಆ ಕೆಲಸ ಕೊಡೋ ಆಫೀಸಿನ ಕಾರ್ಡು? ರಿನ್ಯೂವಲ್ ಮಾಡಿಸದೆ ಹೋಗಿದ್ಯಾ?”

“ಮಾಡ್ಸೇ ಹೋದೆ ಸಾರ್. ಹೋದ ವರ್ಷ ಸಂಕ್ರಾಂತಿ ಆದ್ಮೇಲೆ ನಾನೇ ಸೀಲು ಹಾಕಿಸ್ದೆ. ಇನ್ನು ಮೂರು ವರ್ಷ ಈ ಕಡೆ ತಲೆ ಹಾಕ್ಬೇಡ ಅಂದಿದ್ರು.”

ಮೂರು ವರ್ಷ ಬಾಳಬೇಕಾದ ಕಾರ್ಡು ಮೂರು ತಿಂಗಳಿಗೇ ಸತ್ತಿತ್ತು. ಅದಕ್ಕೂ ಚಾರ್ಟಿಗೂ ದ್ಯಾವಪ್ಪನಿಗೂ ಏನು ಸಂಬಂಧವೋ ತಿಳಿಯಲಿಲ್ಲ. ಆದರೆ ಒಂದು ವಿಷಯ ಈಗ ಹೊಳೆದು ನನ್ನ ಮೇಲೇ ನನಗೆ ಸಿಟ್ಟು ಬಂತು. ಅಂಜಿನಪ್ಪ “ಸುಳ್ಳು” ಎಂದು ಕೂಗಿದ್ದನ್ನು ಅಷ್ಟು ಜನ ಕೇಳಿಸಿಕೊಂಡಿದ್ದರು. ಯಾವುದು ಸುಳ್ಳು ಎಂದು ಒಬ್ಬರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಕೇಳಿದರೆ, “ಆ ಚಾರ್ಟನ್ನೇ ಹೋಗಿ ನೋಡಿ ಸಾರ್” ಎಂದ.

*

ಸರ್ಕಾರಿ ವಸ್ತುಪ್ರದರ್ಶನಗಳನ್ನು ಕಂಡರೆ ನನಗಾಗದು. ಥರ್ಮೋಕೋಲಿನ ಅಣೆಕಟ್ಟು, ಅದರೊಳಗೆ ಬಣ್ಣದ ನೀರು, ಪಕ್ಕದಲ್ಲಿ ನಿದ್ದೆ ಹೋದ ಗುಮಾಸ್ತ. ಸೋಮವಾರ ಮಧ್ಯಾಹ್ನದ ಹೊತ್ತು ಸಭಾಂಗಣ ಖಾಲಿಯಿತ್ತು. ನನ್ನ ಅಕ್ಕನ ಮಗಳು ಉಮಾಮಹೇಶ್ವರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಲೆಕ್ಚರರ್. ಅವಳನ್ನು ಕ್ಲಾಸಿನಿಂದಲೇ ಎಬ್ಬಿಸಿಕೊಂಡು ಬಂದಿದ್ದೆ.

ಚಾರ್ಟು ಗೋಡೆಯ ಅರ್ಧಕ್ಕಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಖರ್ಚು ಏರಿತು, ನಿರುದ್ಯೋಗ ಇಳಿಯಿತು’ ಎಂದಿತ್ತು. ಕೆಳಗೆ ‘ದುಡಿಯುವ ಕೈ’ ಯೋಜನೆಗೆ ಸರ್ಕಾರ ಖರ್ಚು ಮಾಡಿದ್ದಕ್ಕೆ ತಿಂಗಳಿಗೊಂದು ಕೆಂಪು ಕಂಬ. ಅದರ ಮೇಲೆ ಕೆಲಸವಿಲ್ಲದವರ ಸಂಖ್ಯೆಗೆ ಮೂರು ಗೆರೆ. ತುಮಕೂರಿಗೆ ಹಸಿರು, ಗುಬ್ಬಿಗೆ ಹಳದಿ, ಕುಣಿಗಲ್ಲಿಗೆ ನೀಲಿ.

ದ್ಯಾವಪ್ಪ ನಮ್ಮ ಗುಬ್ಬಿಯವನು. ನಾಟಕದ ಪರದೆ ಬರೆದು ಕೈ ಪಳಗಿಸಿಕೊಂಡವನು. ಅವನ ಬಣ್ಣ ಇನ್ನೂ ಹಸಿಯಾಗಿದ್ದಂತೆ ಹೊಳೆಯುತ್ತಿತ್ತು. ಬರೆದ ಕೈ ಮಾತ್ರ ಶವಾಗಾರದಲ್ಲಿ ತಣ್ಣಗೆ ಮಲಗಿತ್ತು. ಆ ಗೆರೆಗಳನ್ನು ನೋಡುತ್ತಾ ನಿಂತರೆ ಅವನು ಹಿಂದೆ ನಿಂತು ‘ಹೆಂಗೈತೆ ಸಾಮಿ?’ ಎಂದು ಕೇಳಿದಂತೆ ಆಗುತ್ತಿತ್ತು. ನಾನು ಎರಡು ಸಲ ಹಿಂದಕ್ಕೆ ತಿರುಗಿ ನೋಡಿದೆ.

“ಗುಬ್ಬಿ ನೋಡೇ ಉಮಾ,” ಎಂದೆ, ಮನಸ್ಸನ್ನು ಬೇರೆ ಕಡೆ ತಿರುಗಿಸಲು. “ನಮ್ಮೂರಲ್ಲಿ ನಿರುದ್ಯೋಗ ಹೇಗೆ ಧಡ್ಡನೆ ಬಿದ್ದಿದೆ!”

“ಬಿದ್ದಿಲ್ಲ ಮಾವ. ಬಿದ್ದ ಹಾಗೆ ಕಾಣುತ್ತೆ ಅಷ್ಟೆ. ಎಡಗಡೆ ಕೆಳಗಿನ ಅಂಕಿ ನೋಡಿ. ಸೊನ್ನೆಯಿಂದ ಶುರುವಾಗಿದ್ಯಾ?”

ಬಗ್ಗಿ ನೋಡಿದೆ. ಸೊನ್ನೆ ಇರಲಿಲ್ಲ. ಎರಡು ಸಾವಿರದಿಂದ ಶುರುವಾಗಿತ್ತು.

“ನಿಮ್ಮ ಎತ್ತರ ಅಳೆಯುವಾಗ ಕಾಲು, ಹೊಟ್ಟೆ, ಎದೆ ಎಲ್ಲ ಬಿಟ್ಟು ಕತ್ತಿನಿಂದ ಮೇಲೆ ಮಾತ್ರ ಅಳೆದ ಹಾಗೆ ಇದು. ಕ್ಷೌರ ಮಾಡಿಸಿಕೊಂಡು ಬಂದರೂ ಪೊಲೀಸ್ ಇನ್ಸ್‌ಪೆಕ್ಟರ್ ಸದಾಶಿವಯ್ಯ ಕುಸಿದುಹೋದರು ಅಂತ ಪೇಪರಲ್ಲಿ ಹಾಕಬಹುದು.”

“ಅಂದರೆ ಇದೇ ಸುಳ್ಳಾ?”

“ಇದು ಸುಳ್ಳಲ್ಲ, ಸರ್ಕಾರಿ ಅಲಂಕಾರ. ಎಲ್ಲರೂ ಮಾಡ್ತಾರೆ.” ಅವಳು ನೀಲಿ ಗೆರೆಯ ಹತ್ತಿರ ಹೋದಳು. ಅಲ್ಲಿಂದ ಅವಳ ಧ್ವನಿಯಲ್ಲಿ ತಮಾಷೆ ಹೋಯಿತು. “ಕುಣಿಗಲ್ ಹಾಗಲ್ಲ. ಆ ಅಲಂಕಾರ ತೆಗೆದು ನೋಡಿದರೂ ಇದು ನಿಜವಾಗಿ ಬಿದ್ದಿದೆ. ಐದು ಸಾವಿರ ಚಿಲ್ಲರೆ ಇದ್ದವರು ಮುಂದಿನ ತಿಂಗಳಿಗೆ ಅರ್ಧಕ್ಕರ್ಧ ಇಲ್ಲ. ಅಲ್ಲಿ ಯಾವುದಾದರೂ ದೊಡ್ಡ ಫ್ಯಾಕ್ಟರಿ ಬಂತಾ ಮಾವ?”

“ಎಲ್ಲಿಯ ಫ್ಯಾಕ್ಟರಿ? ಕುದುರೆ ಫಾರಂ ಬಿಟ್ಟರೆ ಏನಿದೆ ಅಲ್ಲಿ?”

“ಹಾಗಾದರೆ ಯೋಜನೆಯ ದುಡ್ಡಿನಿಂದಲೇ ಕೆಲಸ ಸಿಕ್ಕಿರಬೇಕು. ಚಾರ್ಟ್ ಹೇಳೋದೂ ಅದೇ. ಈಗ ಗೆರೆ ಬಿದ್ದ ತಿಂಗಳು ಯಾವುದು ನೋಡಿ.”

“ಹೋದ ವರ್ಷದ ಏಪ್ರಿಲ್.”

“ಕೆಂಪು ಕಂಬ ಎದ್ದ ತಿಂಗಳು?”

ಬೆರಳಿಟ್ಟು ಹುಡುಕಿದೆ. ಏಪ್ರಿಲ್‌ನಿಂದ ಸೆಪ್ಟೆಂಬರಿನವರೆಗೆ ಕಂಬಗಳು ಬೆರಳುಗಾತ್ರವೂ ಇರಲಿಲ್ಲ. “ಅಕ್ಟೋಬರ್. ದಸರಾ ತಿಂಗಳು.”

“ಮಳೆಗಾಲ ಶುರುವಾಗೋಕೆ ಮುಂಚೆ ಕೆರೆ ಕೋಡಿ ಬೀಳುತ್ತಾ ಮಾವ?”

ನಾನು ಮತ್ತೆ ಬೆರಳಿಟ್ಟು ನಡುವಿನ ತಿಂಗಳುಗಳನ್ನು ಎಣಿಸಿದೆ. ಮಂತ್ರಿಗಳು ಇದೇ ಜಾಗದಲ್ಲಿ ನಿಂತು ಚಪ್ಪಾಳೆ ತಟ್ಟಿದ್ದರು. ಬಂದೋಬಸ್ತಿಗೆ ನಿಂತಿದ್ದ ನಾನೂ ತಟ್ಟಿದ್ದೆ. ಕೆಂಪು ಮೇಲೆ ಹೋಗಿದೆ, ನೀಲಿ ಕೆಳಗೆ ಬಂದಿದೆ ಎಂದು ನೋಡಿದವರೇ ಎಲ್ಲರೂ. ಯಾವುದು ಮೊದಲು, ಯಾವುದು ಆಮೇಲೆ ಎಂದು ನೋಡಿದವರಿಲ್ಲ.

“ದುಡ್ಡು ಬರೋಕೆ ಆರು ತಿಂಗಳು ಮುಂಚೆ ಅಷ್ಟು ಜನ ಎಲ್ಲಿಗೆ ಹೋದರು?”

“ಈ ಗೆರೆ ಕೆಲಸ ಇಲ್ಲದವರನ್ನ ಎಣಿಸಲ್ಲ ಮಾವ, ಉದ್ಯೋಗ ವಿನಿಮಯ ಕಚೇರಿಯಲ್ಲಿ ಜೀವಂತ ಇರೋ ಕಾರ್ಡುಗಳನ್ನ ಎಣಿಸುತ್ತೆ. ಕೆಲಸ ಸಿಕ್ಕರೆ ಕಾರ್ಡು ತೆಗೀತಾರೆ, ಗೆರೆ ಇಳಿಯುತ್ತೆ. ರಿನ್ಯೂವಲ್ ಮಾಡಿಸದಿದ್ದರೂ ತೆಗೀತಾರೆ, ಆಗಲೂ ಇಳಿಯುತ್ತೆ. ಕೆಲಸಕ್ಕೆ ಹೋದನೋ, ಮನೆಯಲ್ಲಿ ಬಿದ್ದಿದಾನೋ ಅನ್ನೋದು ಗೆರೆಗೆ ಗೊತ್ತಾಗಲ್ಲ. ಹಾಗೆ ತೆಗೆದುಹಾಕಿದ ಕಾರ್ಡಿಗೆ ಆಫೀಸಿನವರು ಏನಂತಾರೆ ಗೊತ್ತಾ?”

ನನಗೆ ಗೊತ್ತಿತ್ತು. ಅದನ್ನು ಬೆಳಿಗ್ಗೆ ಒಬ್ಬ ತಾಯಿಯ ಬಾಯಿಂದ ಕೇಳಿದ್ದೆ.

“ಡೆಡ್,” ಎಂದೆ.

“ಹ್ಞೂಂ. ಒಂದೇ ತಿಂಗಳಲ್ಲಿ ಇಷ್ಟೂ ಜನ ರಿನ್ಯೂವಲ್ ಮರೆಯೋದು ಸಾಧ್ಯವಿಲ್ಲ. ಬೇಕೆಂದೇ ಸಾಯಿಸಿದಾರೆ.” ಅವಳು ಆ ಇಳಿಜಾರಿನ ಮೇಲೆ ಕೈಯಿಟ್ಟಳು. “ಇಲ್ಲಿ ಜನ ಇದ್ದರು ಮಾವ. ಈಗಲೂ ಇದಾರೆ. ಅವತ್ತಿನಿಂದ ಕಾಲ್ ಲೆಟರ್ ಬರುತ್ತೆ ಅಂತ ಪೋಸ್ಟ್‌ಮ್ಯಾನ್ ದಾರಿ ಕಾಯ್ತಿದಾರೆ. ತಾವು ಸತ್ತಿದ್ದೀವಿ ಅಂತ ಅವರಿಗೆ ಯಾರೂ ಹೇಳಿಲ್ಲ.”

ಖಾಲಿ ಸಭಾಂಗಣದಲ್ಲಿ ಆ ಮಾತು ಕೇಳಿ ನನಗೆ ನಿಜವಾಗಿ ಹೆದರಿಕೆಯಾಯಿತು. ಕಳ್ಳರಿಗೆ, ಕೊಲೆಗಾರರಿಗೆ ಹೆದರದವನು ಒಂದು ನೀಲಿ ಗೆರೆಗೆ ಹೆದರಿ ಎರಡು ಹೆಜ್ಜೆ ಹಿಂದೆ ಸರಿದೆ. ಸರಿದವನು ಯಾರಿಗೋ ಡಿಕ್ಕಿ ಹೊಡೆದೆ.

“ಏನು ಸದಾಶಿವಯ್ಯನವರೇ, ಪೊಲೀಸ್ ಇಲಾಖೆಗೂ ಪ್ರಗತಿಯ ಮೇಲೆ ಕಣ್ಣು ಬಿತ್ತೇ?”

ಸಫಾರಿ ಸೂಟು, ಕೈಯಲ್ಲಿ ಛತ್ರಿ. ‘ದುಡಿಯುವ ಕೈ’ ಯೋಜನೆಯ ಅಧಿಕಾರಿ ಗುಂಡಯ್ಯ. ಅವರ ಕೈ ದುಡಿದಿದ್ದನ್ನು ಕಂಡವರಿಲ್ಲ.

*

“ನಮಗೆಲ್ಲಿ ಅರ್ಥವಾಗಬೇಕು ಸಾರ್ ಇವೆಲ್ಲ,” ಎಂದೆ. “ನೀವೇ ಸ್ವಲ್ಪ ಓದಿ ಹೇಳಿ.”

ಹೊಗಳಿದರೆ ಉಬ್ಬುವ ಜನ ನನಗೆ ಇಷ್ಟ. ಅರ್ಧ ಕೆಲಸ ಅವರೇ ಮಾಡಿಕೊಡುತ್ತಾರೆ. ಗುಂಡಯ್ಯ ಛತ್ರಿಯ ತುದಿಯಿಂದ ತೋರಿಸತೊಡಗಿದರು.

“ಕೆಂಪು ನೋಡಿ, ಖರ್ಚು, ಮೇಲಕ್ಕೆ ಹೋಯಿತು. ನೀಲಿ ನೋಡಿ, ನಿರುದ್ಯೋಗ, ಕೆಳಕ್ಕೆ ಬಂತು. ಇಷ್ಟೇ. ಮಂತ್ರಿಗಳು ಒಂದೇ ನಿಮಿಷದಲ್ಲಿ ಅರ್ಥ ಮಾಡಿಕೊಂಡರು.”

“ಮೊದಲು ಯಾವುದಾಯ್ತು ಸಾರ್?” ಎಂದಳು ಉಮಾ.

“ಅಂದರೆ?”

“ನೀಲಿ ಏಪ್ರಿಲ್‌ನಲ್ಲಿ ಬಿದ್ದಿದೆ. ಕೆಂಪು ಅಕ್ಟೋಬರಿನಲ್ಲಿ ಎದ್ದಿದೆ.”

ಛತ್ರಿ ಗಾಳಿಯಲ್ಲೇ ನಿಂತಿತು. ಗುಂಡಯ್ಯನವರ ಮುಖ ಕೆಂಪಾಯಿತು. “ಅದು ಆ ಬೋರ್ಡಿನವನ ಅಧಿಕಪ್ರಸಂಗ. ವರ್ಷಕ್ಕೊಂದು ಕಂಬ ಬರ್ಕೊಂಡು ಬಾ, ಸಾಕು ಅಂದಿದ್ದೆ. ‘ಎರಡು ಕಂಬ ನಿಲ್ಲಿಸಿದರೆ ಏನು ಚಂದ ಸಾಮಿ, ಗೆರೆ ಓಡಬೇಕು’ ಅಂತ ಆಫೀಸಿಗೆ ಹೋಗಿ ತಿಂಗಳು ತಿಂಗಳಿನ ಅಂಕಿ ಈಸಿಕೊಂಡು ಬಂದು ಹೀಗೆ ಎಳೆದುಬಿಟ್ಟ. ನಾಟಕದ ಪರದೆ ಬರೆಯೋನಿಗೆ ಕೊಟ್ಟಿದ್ದು ನನ್ನ ತಪ್ಪು.”

“ಅಂಕಿ ತಪ್ಪಾಗಿದೆಯೋ?” ಎಂದೆ.

“ಅಂಕಿ ಏಕೆ ತಪ್ಪಾಗುತ್ತೆ? ಅಂಕಿ ನಮ್ಮದೇ.” ಹೇಳಿದ ಮೇಲೆ ಅವರು ತುಟಿ ಕಚ್ಚಿಕೊಂಡರು.

ಪಾಪ, ದ್ಯಾವಪ್ಪ. ವರ್ಷಕ್ಕೊಂದು ಕಂಬ ಬರೆದಿದ್ದರೆ ಏಪ್ರಿಲ್ ಅಕ್ಟೋಬರಿನ ಹಿಂದೆ ಅಡಗಿ ಕೂತಿರುತ್ತಿತ್ತು, ಅವನೂ ಬದುಕಿರುತ್ತಿದ್ದ. ಅವನಿಗೆ ನಿರುದ್ಯೋಗ ಗೊತ್ತಿರಲಿಲ್ಲ, ಸರ್ಕಾರದ ಖರ್ಚು ಗೊತ್ತಿರಲಿಲ್ಲ. ಗೆರೆ ಓಡಿದರೆ ಚಂದ ಎನ್ನುವುದೊಂದು ಗೊತ್ತಿತ್ತು. ಆ ಚಂದದಲ್ಲಿ ಇವರ ಗುಟ್ಟು ಬಯಲಾಗಿತ್ತು.

“ಕುಣಿಗಲ್ ಹುಡುಗರಿಗೆಲ್ಲ ಕೆಲಸ ಸಿಕ್ಕಿತು ಅನ್ನಿ,” ಎಂದೆ. “ನಮ್ಮ ಲಾಕಪ್ಪಿನಲ್ಲಿರೋ ಅಂಜಿನಪ್ಪನಿಗೂ ಸಿಕ್ಕಿತ್ತೇ?”

“ಸಿಕ್ಕದೆ ಏನು! ಅವನು ಇಲ್ಲಿ ಗಲಾಟೆ ಮಾಡಿದ ಮೇಲೆ ತೆಗೆಸಿ ನೋಡಿದೆ. ಹೋದ ಡಿಸೆಂಬರ್ ಪೂರ್ತಿ ನಮ್ಮ ರಸ್ತೆ ಕೆಲಸದಲ್ಲಿ ಕೂಲಿ ತೆಗೆದುಕೊಂಡಿದಾನೆ, ಹೆಬ್ಬೆಟ್ಟು ಒತ್ತಿದಾನೆ. ಉಪಕಾರ ಸ್ಮರಣೆ ಇಲ್ಲದ ಜನ.”

“ಬಿ.ಎ. ಓದಿದವನು ಹೆಬ್ಬೆಟ್ಟು ಒತ್ತಿದನೇ?”

ಅವರು ಛತ್ರಿಯನ್ನು ಚಾರ್ಟಿನ ಕೆಳಗೆ ಗೋಡೆಗೆ ಒರಗಿಸಿದರು.

“ಡಿಸೆಂಬರಿನಲ್ಲಿ ಅವನು ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೀತಿದ್ದ ಗುಂಡಯ್ಯನವರೇ. ಶಿವರಾತ್ರಿಗೆ ಊರಿಗೆ ಬಂದದ್ದು. ಒಬ್ಬನ ಹೆಸರು ಕೆಲಸ ಬೇಕು ಅನ್ನೋರ ಪೆಟ್ಟಿಗೆಯಲ್ಲೂ ಇದ್ದು, ನಿಮ್ಮ ಕೂಲಿಯಲ್ಲೂ ಬಂದರೆ ತಪಾಸಣೆಯವರು ಹಿಡೀತಾರೆ. ಅದಕ್ಕೇ ಮೊದಲು ಅಲ್ಲಿ ಸಾಯಿಸಿದಿರಿ, ಆಮೇಲೆ ಇಲ್ಲಿ ಬದುಕಿಸಿ ಕೂಲಿ ಎತ್ತಿದಿರಿ. ಗೆರೆ ಮೊದಲು ಬಿದ್ದು ಕಂಬ ಆಮೇಲೆ ಏಳೋಕೆ ಬೇರೆ ಕಾರಣ ಇದ್ದರೆ ಹೇಳಿ, ಕೇಳ್ತೀನಿ.”

ಗುಂಡಯ್ಯ ಮೆಲ್ಲಗೆ ನಕ್ಕರು. ಅಷ್ಟು ಹೊತ್ತಿನಲ್ಲಿ ಅವರು ಜಾಣರಂತೆ ಕಂಡದ್ದು ಆಗಲೇ.

“ಲೆಕ್ಕ ತಪ್ಪಿದ್ದರೆ ಆಡಿಟ್‌ನವರು ಕೇಳ್ತಾರೆ, ಉತ್ತರ ಕೊಡ್ತೀನಿ. ನೀವು ಕೊಲೆ ಹುಡುಕ್ತಿರೋರು. ಶನಿವಾರ ಸಂಜೆ ನಾನು ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿದ್ದೆ, ಒಂದು ರೂಮು ತುಂಬ ಆಫೀಸರುಗಳು ಸಾಕ್ಷಿ. ನಿಮ್ಮ ಹುಡುಗನಿಗೆ ಯಾರಿದಾರೆ? ಎಡೆ ಇಟ್ಟು ಕದ ಹಾಕಿಕೊಳ್ಳೋ ಆ ಮುದುಕಿ ಒಬ್ಬಳು ತಾನೇ?”

ಆ ವಿಷಯ ನಾನು ಠಾಣೆಯಿಂದ ಹೊರಗೆ ಯಾರಿಗೂ ಹೇಳಿರಲಿಲ್ಲ.

“ಅವಳು ಕದ ಹಾಕಿಕೊಳ್ಳೋದು ನಿಮಗೆ ಹೇಗೆ ಗೊತ್ತು?”

“ಹಳ್ಳಿ ಸುದ್ದಿ. ಯಾರೋ ಹೇಳಿದರು,” ಎಂದವರು ಬಾಗಿಲ ಕಡೆ ನಡೆದರು. ಹೊರಗೆ ಹನಿ ಬೀಳುತ್ತಿತ್ತು. ಛತ್ರಿ ಚಾರ್ಟಿನ ಕೆಳಗೇ ಉಳಿದಿತ್ತು.

*

“ಅವಳ ಹೇಳಿಕೆ ಇವತ್ತೇ ಬರೆಸಿಕೊಳ್ಳಬೇಕು,” ಎಂದೆ ಜೀಪಿನಲ್ಲಿ, ಕದರಮ್ಮನ ಕತೆಯನ್ನೆಲ್ಲ ಉಮಾಗೆ ಹೇಳಿ ಮುಗಿಸಿ. “ಮಗ ಬದುಕಿದಾನೆ, ಶನಿವಾರ ಮನೆಯಲ್ಲಿ ಉಂಡ ಅಂತ ಹೇಳಿಬಿಟ್ಟರೆ ಸಾಕು. ನಾಳೆ ಕೋರ್ಟಿನಲ್ಲಿ ಎದೆ ತಟ್ಟಿ ಮಾತಾಡ್ತೀನಿ.”

“ನೀವು ಹೇಳಿದರೆ ಕೇಳ್ತಾರಾ ಅವರು?”

“ಊರೋರ ಮಾತೇ ಕೇಳಿಲ್ಲ. ಖಾಕಿ ಮಾತು ಕೇಳ್ತಾಳಾ?”

“ನಾನು ಹೇಳ್ತೀನಿ ಬಿಡಿ ಮಾವ.”

ಕದರಮ್ಮ ಇನ್ನೂ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ಕುಳಿತಿದ್ದಳು. ರಾಮಾಂಜಿನಯ್ಯ ತರಿಸಿಕೊಟ್ಟ ಇಡ್ಲಿ ಎಲೆಯಲ್ಲೇ ಒಣಗಿತ್ತು. ಉಮಾ ಚಪ್ಪಲಿ ಬಿಟ್ಟು ಅವಳ ಎದುರಿಗೆ ನೆಲದ ಮೇಲೆ ಕುಳಿತಳು.

“ಅಮ್ಮ, ನಾನೂ ಡೆಡ್ ಆಗಿದ್ದೆ.”

ಮುದುಕಿ ತಲೆ ಎತ್ತಿದಳು.

“ಎಂ.ಎ. ಮುಗಿಸಿ ಕೆಲಸ ಇಲ್ಲದೆ ಇದ್ದಾಗ ನಾನೂ ಅಂಥದ್ದೇ ಆಫೀಸಿನಲ್ಲಿ ಹೆಸರು ಬರೆಸಿದ್ದೆ. ಮತ್ತೆ ಸೀಲು ಹಾಕಿಸೋ ತಿಂಗಳು ಹೋಗೋಕೆ ಆಗಲಿಲ್ಲ. ಆಮೇಲೆ ಹೋದರೆ, ನೀವು ಡೆಡ್ ಆಗಿದೀರ ಮೇಡಂ, ಹೊಸದಾಗಿ ಬರೆಸಿ ಅಂದರು. ನನ್ನ ಮುಖ ನೋಡಿಕೊಂಡೇ ಅಂದರು ಅಮ್ಮ. ಅವರ ಬಾಯಲ್ಲಿ ಅದು ರಟ್ಟಿನ ಕಾರ್ಡಿಗೆ ಹೇಳೋ ಮಾತು. ಮನುಷ್ಯರಿಗಲ್ಲ. ಮುಟ್ಟಿ ನೋಡಿ, ನಾನು ಸತ್ತಿದೀನಾ?”

ಅವಳು ಕೈ ಚಾಚಿದಳು. ಕದರಮ್ಮ ಬಹಳ ಹೊತ್ತು ಆ ಕೈಯನ್ನು ನೋಡಿದಳು. ಆಮೇಲೆ ಒಂದು ಬೆರಳಿನಿಂದ ಮುಟ್ಟಿದಳು, ಆಮೇಲೆ ಇಡೀ ಅಂಗೈಯಿಂದ ಮಣಿಕಟ್ಟು ಹಿಡಿದಳು. ನಾಡಿ ಹೊಡೆದುಕೊಳ್ಳುವುದು ಅವಳಿಗೆ ಸಿಕ್ಕಿರಬೇಕು.

“ಬಿಸಿ ಅವ್ಳೆ,” ಎಂದಳು ತನಗೆ ತಾನೇ. “ಡೆಡ್ ಆದೋಳು ಬಿಸಿ ಅವ್ಳೆ.”

ರಾಮಾಂಜಿನಯ್ಯ ಹೇಳಿಕೆ ಬರೆಯಲು ತೆರೆದ ಪೆನ್ನು ಹಿಡಿದು ಕುಳಿತಿದ್ದ. ಕದರಮ್ಮ ಕೈಯೂರಿ ಎದ್ದಳು. ಎದ್ದವಳು ತಿರುಗಿದಳು. ಒಂದು ವರ್ಷದ ಮೇಲೆ ಅವಳು ಮಗನ ಮುಖವನ್ನು ಕಣ್ತುಂಬ ನೋಡಿದ್ದು ಆಗ.

“ಅವ್ವ,” ಎಂದ ಅಂಜಿನಪ್ಪ. ಅಷ್ಟೇ ಎಂದ.

ಅವಳು ಸರಳಿನ ಸಂದಿಯಲ್ಲಿ ಎರಡೂ ಕೈ ತೂರಿಸಿ ಅವನ ಗಡ್ಡ, ಕಿವಿ, ಕುತ್ತಿಗೆ ಎಲ್ಲ ಸವರಿದಳು. ಹಣೆ ಮುಟ್ಟಿದಳು, ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. “ಎಂಥಾ ಪಾಪಿ ಕಣೋ ನಾನು, ಬದ್ಕಿರೋ ಮಗುಂಗೆ ಎಡೆ ಇಟ್ನಲ್ಲೋ” ಎಂದು ತಲೆ ಚಚ್ಚಿಕೊಂಡಳು. ಉಮಾ ಕಣ್ಣೊರೆಸಿಕೊಂಡಳು. ಕೇಸು ಗೆದ್ದೆವು ಎಂದೇ ಅಂದುಕೊಂಡೆ.

“ಅಮ್ಮ, ಈಗ ಹೇಳು,” ಎಂದೆ ಮೆಲ್ಲಗೆ. “ಶನಿವಾರ ಸಂಜೆ ಜಗಲಿ ಮೇಲೆ ಉಂಡಿದ್ದು ಇವನೇ ತಾನೇ?”

“ಇವ್ನೇ ಸ್ವಾಮಿ. ಇನ್ಯಾರು? ದಿನಾ ಇವ್ನೇ.” ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. ರಾಮಾಂಜಿನಯ್ಯನ ಪೆನ್ನು ಓಡಿತು. ಅಷ್ಟರಲ್ಲಿ ಅವಳ ಕೈ ಮಗನ ಕೆನ್ನೆಯ ಮೇಲೆಯೇ ತಡೆಯಿತು. ಏನೋ ನೆನಪಾದವಳಂತೆ ಹುಬ್ಬು ಗಂಟಿಕ್ಕಿದಳು.

“ದಿನಾ ಮಾತಾಡ್ತಿರ್ಲಿಲ್ಲ. ಸನಿವಾರ ಕರುಳು ತಡೀಲಿಲ್ಲ ನಂಗೆ. ಕದದ ಹಿಂದಿಂದ, ಸಾರು ಸಾಕೇನಪ್ಪಾ ಅಂದೆ. ‘ಸಾಕು ಕಣಕ್ಕ’ ಅಂತು.”

“ಏನಂತು?”

“ಅಕ್ಕ ಅಂತು ಸ್ವಾಮಿ. ಸತ್ತೋರ್ಗೆ ಅವ್ವ ಯಾರು ಅಕ್ಕ ಯಾರು ಅನ್ನೋದೂ ಮರ್ತೋಯ್ತದೇನೋ ಅಂದ್ಕಂಡು ಅತ್ಕಂಡು ಮನಿಕ್ಕಂಡೆ.” ಅವಳು ಮಗನ ಮುಖವನ್ನು ಎರಡು ಕೈಯಲ್ಲೂ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಅವಳ ದನಿಯಲ್ಲಿ ಸಂಶಯವಿರಲಿಲ್ಲ, ಬರೀ ಅಚ್ಚರಿಯಿತ್ತು. “ಬದ್ಕಿರೋ ನೀನು ಯಾಕ್ಲಾ ನನ್ನ ಅಕ್ಕ ಅಂತೀಯ? ಅವತ್ತು ನಮ್ಮನೆ ಜಗಲಿ ಮ್ಯಾಲೆ ಉಂಡೋನು ಯಾರ್ಲಾ? ನೀನೆಲ್ಲಿದ್ದೆ ಮಗಾ?”

ರಾಮಾಂಜಿನಯ್ಯನ ಪೆನ್ನು ನಿಂತಿತು. ಅವಳು ಕದ ಹಾಕಿಕೊಳ್ಳುವುದನ್ನು ಗುಂಡಯ್ಯನವರಿಗೆ ಹೇಳಿದವನು ಜಗಲಿಯ ಮೇಲೆ ಉಂಡ ಆ ಇನ್ನೊಬ್ಬನೇ ಇರಬೇಕು. ನಾನು ಅಂಜಿನಪ್ಪನ ಉತ್ತರಕ್ಕೆ ಕಾದೆ. ಅವನು ತಾಯಿಯ ಕೈಗಳನ್ನು ತನ್ನ ಮುಖದಿಂದ ಬಿಡಿಸಿ, ಸರಳಿನ ಹೊರಗೆ ತಂದಿಟ್ಟು, ಕತ್ತಲಾಗುತ್ತಿದ್ದ ಲಾಕಪ್ಪಿನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತ.